ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಬಿಟ್‌ಕಾಯಿನ್ ಕೋರ್ ಕಂಪೈಲ್ ಮಾಡುವುದು: ಒಂದು ಮಳೆ ರಜೆಯ ಕೆಲಸ

ಜುಲೈ ತಿಂಗಳು, ರೆಡ್ ಅಲರ್ಟ್, ಕಾಲೇಜುಗಳಿಗೂ ರಜೆ. ಸುರತ್ಕಲ್ ಕಡೆ ರೂಮು ಮಾಡಿಕೊಂಡು ಇಂಜಿನಿಯರಿಂಗ್ ಓದುವ ಅಕ್ಕನ ಮಗ ಲ್ಯಾಪ್‌ಟಾಪನ್ನು ಎರಡು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿಕೊಂಡು ಬಿಜೈಯ ನಮ್ಮ ಮನೆಗೆ ಬಂದ. ತಲೆ ಒರೆಸಿಕೊಳ್ಳುವ ಮೊದಲೇ ಶುರು: "ಮಾವ, ಬಿಟ್‌ಕಾಯಿನ್ ಸಾಫ್ಟ್‌ವೇರ್ ಕಂಪೈಲ್ ಮಾಡ್ಲಿಕ್ಕುಂಟು. ಮೂರು ದಿನ ಆಯ್ತು, ಎರರ್ ಮೇಲೆ ಎರರ್. ನನ್ನ ಕಂಪೈಲರೇ ಹಾಳಾಗಿದೆಯಾ ಅಂತ."

ಕಂಪೈಲ್ ಎಂದರೆ ಮನುಷ್ಯರು ಬರೆದ ಕೋಡನ್ನು ಯಂತ್ರ ಓಡಿಸುವ ಪ್ರೋಗ್ರಾಮಾಗಿ ಕಟ್ಟುವುದು, ಕಟ್ಟುವ ಸಾಧನವೇ ಕಂಪೈಲರ್. ಅದು ಹಾಳಾಗಿರಲಿಲ್ಲ, ಯಾವತ್ತೂ ಹಾಗೆ ಹಾಳಾಗುವುದಿಲ್ಲ. ವಿಂಡೋಸಿನಲ್ಲಿ ಈ ಕೆಲಸ ಕೆಡುವುದು ಹೆಚ್ಚಾಗಿ ಕೋಡಿನಿಂದಲ್ಲ. ಕಡತಗಳನ್ನು ಇಡಬಾರದ ಜಾಗದಲ್ಲಿ ಇಟ್ಟಿರುತ್ತೇವೆ, ಇಲ್ಲವೇ ಇರುವ ಮೆಮೊರಿಗಿಂತ ಹೆಚ್ಚು ಕೆಲಸ ಹೇರಿರುತ್ತೇವೆ. ಆ ದಿನ ಬೆಳಿಗ್ಗೆ ಹತ್ತರಿಂದ ಸಂಜೆವರೆಗೆ ಅವನ 8 ಜಿಬಿ ಮೆಮೊರಿಯ ಹಳೇ ಲ್ಯಾಪ್‌ಟಾಪಿನಲ್ಲಿ ಮಾಡಿದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ಇಲ್ಲಿರುವುದು ಬಿಟ್‌ಕಾಯಿನ್ ಕೋರ್‌ನ 29ನೇ ಸರಣಿಗೆ ಹೊಂದುವ ವಿಧಾನ. 2025ರಲ್ಲಿ ಬಂದ ಈ ಸರಣಿಯಿಂದ, ಕಟ್ಟುವ ಕೆಲಸ ನಡೆಸುವ ಸಾಧನಗಳಲ್ಲಿ ಹಳೆಯ ಆಟೋಟೂಲ್ಸ್ ಹೋಗಿ ಸಿಮೇಕ್ ಬಂದಿದೆ. ಆದ್ದರಿಂದ "ಆಟೋಜೆನ್, ಕಾನ್ಫಿಗರ್, ಮೇಕ್" ಎಂದು ಶುರುವಾಗುವ ಹಳೆಯ ಪಾಠ ಎಲ್ಲಿ ಸಿಕ್ಕರೂ ಪಕ್ಕಕ್ಕಿಡಿ.

ಒಂದು ಮಾತು. ಆಜ್ಞೆಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ನೀವು ಟೈಪ್ ಮಾಡಬೇಕಾದದ್ದು ಇಂಗ್ಲಿಷ್ ಸಣ್ಣಕ್ಷರದಲ್ಲಿ. ದೊಡ್ಡಕ್ಷರ ಬೇಕಾದಲ್ಲಿ ಹೇಳುತ್ತೇನೆ. ಗೆರೆ, ಚುಕ್ಕಿ, ಅಂಕಿ ಇದ್ದ ಹಾಗೇ.

ಸಿದ್ಧ ಕಡತ ಸಿಗುವಾಗ ಕಂಪೈಲ್ ಯಾಕೆ?

ನಮ್ಮೂರು ಬ್ಯಾಂಕುಗಳ ತವರು. ಕೆನರಾ ಬ್ಯಾಂಕ್ ಮಂಗಳೂರಿನಲ್ಲಿ ಹುಟ್ಟಿದ್ದು 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ ಉಡುಪಿಯಲ್ಲಿ 1925ರಲ್ಲಿ. ಸಿಂಡಿಕೇಟ್ 1928ರಲ್ಲಿ ಶುರುಮಾಡಿದ ಪಿಗ್ಮಿ ಡೆಪಾಸಿಟ್ ಈ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ನನ್ನ ಅಜ್ಜಿ ಪಿಗ್ಮಿಯವರು ಬಂದು ಪಾಸ್‌ಬುಕ್ಕಿನಲ್ಲಿ ಬರೆದು ಹೋದ ಮೇಲೆ, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ತಾನೂ ಅದೇ ಮೊತ್ತ ಬರೆದಿಡುತ್ತಿದ್ದರು. ಅವರ ಮೇಲೆ ಸಂಶಯ ಎಂದಲ್ಲ, ಚಹಾ ಕೊಟ್ಟೇ ಕಳಿಸುತ್ತಿದ್ದರು. ಲೆಕ್ಕ ತನ್ನ ಹತ್ತಿರವೂ ಇರಲಿ ಎಂದಷ್ಟೇ.

ಬಿಟ್‌ಕಾಯಿನ್ ಕೋರ್ ಮಾಡುವುದು ಅಜ್ಜಿಯ ಕ್ಯಾಲೆಂಡರಿನ ಕೆಲಸ. 2009ರ ಜನವರಿ 3ರ ಮೊದಲ ಬ್ಲಾಕಿನಿಂದ ಇವತ್ತಿನವರೆಗಿನ ಇಡೀ ಖಾತೆಯನ್ನು ನಿಮ್ಮ ಯಂತ್ರವೇ ಇಳಿಸಿಕೊಂಡು, ಪ್ರತಿ ವ್ಯವಹಾರವನ್ನು ತಾನೇ ಪರಿಶೀಲಿಸುತ್ತದೆ. ಆ ಪರಿಶೀಲನೆ ಮಾಡುವ ಪ್ರೋಗ್ರಾಮನ್ನೂ ಓದಬಹುದಾದ ಕೋಡಿನಿಂದ ನೀವೇ ಕಟ್ಟಿದರೆ ಸರಪಳಿಯ ಇನ್ನೊಂದು ಕೊಂಡಿ ನಿಮ್ಮ ಕೈಗೆ ಬಂತು. ಆದರೆ ಕೋಡ್ ಬಂದದ್ದೇ ತಪ್ಪು ಜಾಗದಿಂದಾದರೆ ಕಂಪೈಲ್ ಮಾಡಿ ಮೂರು ಕಾಸಿನ ಪ್ರಯೋಜನ ಇಲ್ಲ. ಕಳ್ಳನ ಕೋಡನ್ನು ಸ್ವಂತ ಕೈಯಾರೆ ಕಟ್ಟಿಕೊಂಡಂತೆ ಆಯಿತು.

ಅಳಿಯನ ಹತ್ತಿರ ಇದ್ದದ್ದು ಯಾವುದೋ ಟೆಲಿಗ್ರಾಂ ಗುಂಪಿನಲ್ಲಿ ಸಿಕ್ಕಿದ ಜಿಪ್ ಕಡತ. "ಸೋರ್ಸ್ ಕೋಡೇ ಅಲ್ವಾ ಮಾವ, ಅದ್ರಲ್ಲಿ ವೈರಸ್ ಹೇಗೆ?" ಎಂದ. 2024ರ ಮಾರ್ಚಿನಲ್ಲಿ ಎಕ್ಸ್‌ಜಡ್ ಎಂಬ ಕಂಪ್ರೆಶನ್ ಸಾಧನದಲ್ಲಿ ಹಿಂಬಾಗಿಲು ಪತ್ತೆಯಾಯಿತಲ್ಲ, ಅದನ್ನು ಚಾಲೂ ಮಾಡುವ ತುಣುಕು ಗಿಟ್ ಭಂಡಾರದಲ್ಲಿ, ಅಂದರೆ ಕೋಡಿನ ಪ್ರತಿ ಬದಲಾವಣೆಯ ದಾಖಲೆ ಇಡುವ ಜಾಗದಲ್ಲಿ, ಇರಲೇ ಇಲ್ಲ. ಬಿಡುಗಡೆಗೆ ಕಟ್ಟಿದ ಸೋರ್ಸ್ ಗಂಟಿನಲ್ಲಿ ಮಾತ್ರ ಇತ್ತು. ಕಂಪೈಲ್ ಮಾಡುವ ಹೊತ್ತಿಗೇ ಅದು ಕೆಲಸ ಮುಗಿಸುತ್ತಿತ್ತು. 2018ರ ಡಿಸೆಂಬರಿನಲ್ಲಿ ಎಲೆಕ್ಟ್ರಮ್ ವಾಲೆಟ್ ಬಳಸುವವರಿಗೆ "ಹೊಸ ಆವೃತ್ತಿ ಇಳಿಸಿಕೊಳ್ಳಿ" ಎಂಬ ನಕಲಿ ಸಂದೇಶ ತೋರಿಸಿ ಹಣ ಕದ್ದದ್ದು ಇನ್ನೊಂದು ಕಥೆ. ಜಿಪ್ ಕಡತ ಕಸದ ಬುಟ್ಟಿಗೆ ಹೋಯಿತು.

ಎರಡು ದಾರಿ, ನನ್ನ ಆಯ್ಕೆ ಒಂದು

ತಮಾಷೆ ಏನೆಂದರೆ, 2009ರ ಜನವರಿಯಲ್ಲಿ ಬಿಟ್‌ಕಾಯಿನ್ ಹುಟ್ಟಿಸಿದ ಸತೋಶಿ ನಕಮೋಟೊ ಬಿಟ್ಟ ಮೊದಲ ಆವೃತ್ತಿ ವಿಂಡೋಸಿಗೆ ಮಾತ್ರ ಇತ್ತು. ಇವತ್ತು ವಿಂಡೋಸಿನ ಅಧಿಕೃತ ಕಡತಗಳೂ ಲೀನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ಮಿನಲ್ಲೇ ತಯಾರಾಗುತ್ತವೆ.

ವಿಂಡೋಸಿನೊಳಗೇ ಮಾಡಬೇಕೆಂದರೆ ವಿಷುಯಲ್ ಸ್ಟುಡಿಯೋ 2022 ಹಾಕಿ, ಅದರ ಸಿ++ ಡೆಸ್ಕ್‌ಟಾಪ್ ಭಾಗವನ್ನು ಆರಿಸಿ, ವಿಸಿಪಿಕೆಜಿ ಮೂಲಕ ಅವಲಂಬಿತ ಲೈಬ್ರರಿಗಳನ್ನು ತರಿಸಬೇಕು. ಆಗುತ್ತದೆ, ಆದರೆ ಹಲವು ಜಿಬಿ ಡೌನ್‌ಲೋಡ್. ಜೊತೆಗೆ ವಿಂಡೋಸಿನ 260 ಅಕ್ಷರದ ಹಾದಿ ಮಿತಿ ಎಲ್ಲೋ ಮಧ್ಯದಲ್ಲಿ ಕಾಲು ಹಿಡಿಯುತ್ತದೆ. ಡಿಬಗ್ಗರಿನಲ್ಲಿ ಕೋಡನ್ನು ಸಾಲು ಸಾಲಾಗಿ ನೋಡುವ ಆಸೆ ಇರುವವರಿಗೆ ಆ ದಾರಿ.

ಉಳಿದವರಿಗೆ ಡಬ್ಲ್ಯುಎಸ್‌ಎಲ್ ಸಾಕು. ವಿಂಡೋಸಿನೊಳಗೆ ಒಂದು ಲೀನಕ್ಸ್ ಓಡಿಸಿ, ಅಲ್ಲಿ ಕುಳಿತು ವಿಂಡೋಸಿನ ಎಕ್ಸ್ಇ ಕಡತವನ್ನೇ ತಯಾರಿಸುವುದು. ಇದಕ್ಕೆ ಕ್ರಾಸ್ ಕಂಪೈಲ್ ಎನ್ನುತ್ತಾರೆ.

ಲೀನಕ್ಸ್ ಹಾಕುವುದು

ವಿಂಡೋಸ್ 11, ಅಥವಾ 10ರ 2004ನೇ ಆವೃತ್ತಿಯ ನಂತರದ್ದಾದರೆ ಪವರ್‌ಶೆಲ್ಲನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಹೀಗೆ ಕೊಡಿ. ಉಬುಂಟುವಿನ ಮೊದಲಕ್ಷರ ದೊಡ್ಡದು.

ಡಬ್ಲ್ಯುಎಸ್‌ಎಲ್ --ಇನ್‌ಸ್ಟಾಲ್ -ಡಿ ಉಬುಂಟು-24.04

ರೀಸ್ಟಾರ್ಟ್ ಆದ ಮೇಲೆ ಬಳಕೆದಾರರ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡ್ ಒತ್ತುವಾಗ ಪರದೆಯಲ್ಲಿ ಚುಕ್ಕಿಯೂ ಮೂಡುವುದಿಲ್ಲ. ಕೀಬೋರ್ಡ್ ಕೆಟ್ಟಿದೆ ಎಂದುಕೊಳ್ಳಬೇಡಿ. ವರ್ಚುವಲೈಸೇಶನ್ ಬಗ್ಗೆ ದೂರು ಬಂದರೆ ಬಯೋಸ್‌ಗೆ ಹೋಗಿ ಅದನ್ನು ಆನ್ ಮಾಡಬೇಕು.

24.04 ಎಂದು ಒತ್ತಿ ಹೇಳುವುದಕ್ಕೆ ಕಾರಣ ಉಂಟು. ಅಳಿಯನ ಯಂತ್ರದಲ್ಲಿ ಮೊದಲೇ ಉಬುಂಟು 22.04 ಇತ್ತು. ಅದರಲ್ಲಿ ಸಿಗುವ ವಿಂಡೋಸ್ ಕ್ರಾಸ್ ಕಂಪೈಲರ್ ಜಿಸಿಸಿ ಎಂಬ ಕಂಪೈಲರಿನ 10ನೇ ಸರಣಿಯದು. ಬಿಟ್‌ಕಾಯಿನ್ ಕೋರ್ 29 ಸಿ++ ಭಾಷೆಯ 2020ರ ರೂಪವಾದ ಸಿ++20 ಬಳಸುತ್ತದೆ, ಅದಕ್ಕೆ ಕನಿಷ್ಠ ಜಿಸಿಸಿ 11.1 ಬೇಕು. ಅವನ ಮೂರು ದಿನದಲ್ಲಿ ಒಂದು ದಿನ ಹೋದದ್ದು ಅಲ್ಲಿಗೆ.

ಮೆಮೊರಿ, ಹಾದಿ: ಇಲ್ಲಿ ಹತ್ತು ನಿಮಿಷ ಕೊಡಿ

ಡಬ್ಲ್ಯುಎಸ್‌ಎಲ್ ತಾನಾಗಿ ತೆಗೆದುಕೊಳ್ಳುವುದು ಇರುವ ಮೆಮೊರಿಯ ಅರ್ಧ. 8 ಜಿಬಿಯಲ್ಲಿ ಅದು 4 ಆಯಿತು. ಸಿ++ ಕಂಪೈಲರ್ ಒಂದೊಂದು ಕಡತಕ್ಕೆ ಒಂದು ಜಿಬಿಗಿಂತ ಹೆಚ್ಚು ನುಂಗುವುದುಂಟು. ನಾಲ್ಕು ಕಡತ ಒಟ್ಟಿಗೆ ಕೊಟ್ಟರೆ ಲೀನಕ್ಸ್ ಯಾರನ್ನಾದರೂ ಕೊಲ್ಲಲೇಬೇಕು, ಕಂಪೈಲರನ್ನೇ ಕೊಲ್ಲುತ್ತದೆ. ಪರದೆಯಲ್ಲಿ ಕಾಣುವುದು "ಕಿಲ್ಡ್ ಸಿಗ್ನಲ್ ಟರ್ಮಿನೇಟೆಡ್ ಪ್ರೋಗ್ರಾಂ ಸಿಸಿ1ಪ್ಲಸ್" ಎಂಬ ಸಾಲು. ಅಳಿಯ ಇದನ್ನೇ ಕಂಪೈಲರ್ ಹಾಳಾಗಿದೆ ಎಂದು ಓದಿಕೊಂಡಿದ್ದ.

ವಿಂಡೋಸಿನಲ್ಲಿ ನಿಮ್ಮ ಯೂಸರ್ ಫೋಲ್ಡರಿನೊಳಗೆ .ಡಬ್ಲ್ಯುಎಸ್‌ಎಲ್‌ಕಾನ್ಫಿಗ್ ಎಂಬ ಕಡತ ಮಾಡಿ. ಚುಕ್ಕಿಯಿಂದಲೇ ಶುರುವಾಗಬೇಕು. ನೋಟ್‌ಪ್ಯಾಡ್ ಕೊನೆಗೆ ಸುಮ್ಮನೆ ಟಿಎಕ್ಸ್‌ಟಿ ಅಂಟಿಸದ ಹಾಗೆ ನೋಡಿಕೊಳ್ಳಿ. ಒಳಗೆ ಮೂರು ಸಾಲು, ಜಿಬಿ ದೊಡ್ಡಕ್ಷರ:

[ಡಬ್ಲ್ಯುಎಸ್‌ಎಲ್2]
ಮೆಮೊರಿ=5ಜಿಬಿ
ಸ್ವಾಪ್=8ಜಿಬಿ

ಇನ್ನು ಹಾದಿ. ಪ್ರೋಗ್ರಾಮುಗಳನ್ನು ಯಾವ ಫೋಲ್ಡರುಗಳಲ್ಲಿ ಹುಡುಕಬೇಕೆಂಬ ವಿಂಡೋಸಿನ ಪಾತ್ ಪಟ್ಟಿಯನ್ನೂ ಡಬ್ಲ್ಯುಎಸ್‌ಎಲ್ ಲೀನಕ್ಸಿನೊಳಗೆ ಎಳೆದು ತರುತ್ತದೆ. ಅದರಲ್ಲಿ "ಪ್ರೋಗ್ರಾಂ ಫೈಲ್ಸ್" ಎಂಬಂಥ ನಡುವೆ ಜಾಗ ಬಿಟ್ಟ, ಆವರಣ ಇರುವ ಹೆಸರುಗಳು ಉಂಟು. ಅವು ಬಿಲ್ಡ್ ಸ್ಕ್ರಿಪ್ಟುಗಳ ತಲೆ ಕೆಡಿಸುತ್ತವೆ. ಲೀನಕ್ಸಿನ /ಇಟಿಸಿ/ಡಬ್ಲ್ಯುಎಸ್‌ಎಲ್.ಕಾನ್ಫ್ ಕಡತವನ್ನು ಸುಡೊ ನ್ಯಾನೊ (ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಓಡುವ ಪಠ್ಯ ಸಂಪಾದಕ) ಮೂಲಕ ತೆರೆದು, ಇರುವುದನ್ನು ಅಳಿಸದೆ ಕೊನೆಯಲ್ಲಿ ಈ ಎರಡು ಸಾಲು ಸೇರಿಸಿ. ಎರಡನೆಯದರಲ್ಲಿ ವಿಂಡೋಸಿನ ಡಬ್ಲ್ಯು, ಪಾತ್‌ನ ಪಿ ದೊಡ್ಡಕ್ಷರ, ಎಲ್ಲ ಕೂಡಿಸಿ ಒಂದೇ ಪದ:

[ಇಂಟರಾಪ್]
ಅಪೆಂಡ್‌ವಿಂಡೋಸ್‌ಪಾತ್=ಫಾಲ್ಸ್

ಪವರ್‌ಶೆಲ್ಲಿಗೆ ಬಂದು ಡಬ್ಲ್ಯುಎಸ್‌ಎಲ್ --ಶಟ್‌ಡೌನ್ ಕೊಟ್ಟು ಉಬುಂಟು ಮತ್ತೆ ತೆರೆಯಿರಿ. ಶಟ್‌ಡೌನ್ ಕೊಡದಿದ್ದರೆ ಮೇಲಿನ ಎರಡು ಬದಲಾವಣೆಯೂ ಲೆಕ್ಕಕ್ಕಿಲ್ಲ.

ಸಾಮಾನು ತರುವುದು

ಸುಡೊ ಆಪ್ಟ್ ಅಪ್‌ಡೇಟ್
ಸುಡೊ ಆಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಶಿಯಲ್ ಸಿಮೇಕ್ ಕರ್ಲ್ ಗಿಟ್ ಪಿಕೆಜಿ-ಕಾನ್ಫಿಗ್ ಪೈಥಾನ್3 ಬೈಸನ್ ನಿಂಜಾ-ಬಿಲ್ಡ್ ಪ್ಯಾಚ್ ಎಕ್ಸ್‌ಜಡ್-ಯುಟಿಲ್ಸ್
ಸುಡೊ ಆಪ್ಟ್ ಇನ್‌ಸ್ಟಾಲ್ ಜಿ++-ಮಿನ್‌ಜಿಡಬ್ಲ್ಯು-ಡಬ್ಲ್ಯು64-ಎಕ್ಸ್86-64-ಪೊಸಿಕ್ಸ್

ಕೊನೆಯ ಹೆಸರು ಉದ್ದ. ಅರ್ಧ ಬರೆದು ಟ್ಯಾಬ್ ಕೀಲಿ ಒತ್ತಿದರೆ ಉಳಿದದ್ದನ್ನು ಅದೇ ತುಂಬುತ್ತದೆ. ಪೊಸಿಕ್ಸ್ ಎಂಬ ಬಾಲ ಮುಖ್ಯ. ಅದಿಲ್ಲದ ಇನ್ನೊಂದು ಬಗೆಯೂ ಸಿಗುತ್ತದೆ, ನಮಗೆ ಥ್ರೆಡ್ ಸೌಕರ್ಯ ಇರುವ ಇದೇ ಬೇಕು.

ಕೋಡ್ ಇಳಿಸುವುದು, ಸಹಿ ನೋಡುವುದು

ಸಿಡಿ ~
ಗಿಟ್ ಕ್ಲೋನ್ ಎಚ್‌ಟಿಟಿಪಿಎಸ್://ಗಿಟ್‌ಹಬ್.ಕಾಮ್/ಬಿಟ್‌ಕಾಯಿನ್/ಬಿಟ್‌ಕಾಯಿನ್.ಗಿಟ್
ಸಿಡಿ ಬಿಟ್‌ಕಾಯಿನ್
ಗಿಟ್ ಚೆಕ್‌ಔಟ್ ವಿ29.0

ಮೊದಲ ಸಾಲನ್ನು ಹಾರಿಸಬೇಡಿ. ಅದು ಲೀನಕ್ಸಿನೊಳಗಿನ ನಿಮ್ಮ ಮನೆ ಫೋಲ್ಡರು. ಅಳಿಯ ಕೋಡನ್ನು ಸಿ ಡ್ರೈವಿನ ಡೆಸ್ಕ್‌ಟಾಪಿನಲ್ಲಿ ಬಿಚ್ಚಿ, ಲೀನಕ್ಸಿನಿಂದ /ಎಂಎನ್‌ಟಿ/ಸಿ ಮೂಲಕ ಅಲ್ಲಿಗೆ ಹೋಗಿ ಕಟ್ಟಲು ನೋಡಿದ್ದ. ಆ ಸೇತುವೆ ದಾಟಿ ಸಾವಿರಾರು ಸಣ್ಣ ಕಡತ ಓದುವುದೆಂದರೆ ಸಂಜೆ ಹೊತ್ತು ಪಂಪ್‌ವೆಲ್ ಸರ್ಕಲ್ ದಾಟಿದ ಹಾಗೆ. ನಿಧಾನ ಇರಲಿ, ಕಡತದ ಅನುಮತಿಗಳೂ ಅಲ್ಲಿ ಲೀನಕ್ಸ್ ನಿರೀಕ್ಷಿಸಿದಂತೆ ಇರುವುದಿಲ್ಲ. ವಿಂಡೋಸಿನ ಗಿಟ್‌ನಿಂದ ಇಳಿಸಿದ್ದಾದರೆ ಸಾಲಿನ ಕೊನೆಯ ಗುರುತೂ ಬದಲಾಗಿ, ಸ್ಕ್ರಿಪ್ಟುಗಳು "\ಆರ್: ಕಮಾಂಡ್ ನಾಟ್ ಫೌಂಡ್" ಎಂದು ಅಳುತ್ತವೆ. ಕೋಡ್ ಲೀನಕ್ಸಿನೊಳಗೇ ಇಳಿಯಬೇಕು, ಅಲ್ಲೇ ಕಟ್ಟಬೇಕು. ಎಕ್ಸ್ಇ ತಯಾರಾದ ಮೇಲೆ ಮಾತ್ರ ವಿಂಡೋಸಿಗೆ.

ಚೆಕ್‌ಔಟ್ ಯಾಕೆಂದರೆ, ಕ್ಲೋನ್ ಮಾಡಿದ ಕೂಡಲೇ ಸಿಗುವುದು ಅಭಿವೃದ್ಧಿಯಲ್ಲಿರುವ ಕೋಡು. ಹಣ ಇಡುವ ಸಾಫ್ಟ್‌ವೇರನ್ನು ಅದರಿಂದ ಕಟ್ಟಬಾರದು. ಗಿಟ್ ಟ್ಯಾಗ್ ಎಂದು ಕೊಟ್ಟರೆ ಬಿಡುಗಡೆಗಳ ಪಟ್ಟಿ ಬರುತ್ತದೆ. ಹೆಸರಿನ ಕೊನೆಗೆ ಆರ್‌ಸಿ ಇದ್ದರೆ ಅದು ಪರೀಕ್ಷಾ ಆವೃತ್ತಿ. 29ರ ಸರಣಿಯಲ್ಲಿ ಇತ್ತೀಚಿನದ್ದು ಕಂಡರೆ ಅದನ್ನೇ ಆರಿಸಿ.

ಈಗ ಸಹಿ, ಅಂದರೆ ಕೋಡ್ ನಿರ್ವಾಹಕರಿಂದಲೇ ಬಂದದ್ದು ಎಂದು ತೋರಿಸುವ ಡಿಜಿಟಲ್ ಗುರುತು. ನಿರ್ವಾಹಕರ ಕೀಲಿಗಳ ಗುರುತು ಸಂಖ್ಯೆಗಳು ಕೋಡಿನೊಳಗೇ ಕಾಂಟ್ರಿಬ್, ವೆರಿಫೈ-ಕಮಿಟ್ಸ್ ಫೋಲ್ಡರಿನ ಟ್ರಸ್ಟೆಡ್-ಕೀಸ್ ಕಡತದಲ್ಲಿವೆ. ಜಿಪಿಜಿ --ರಿಸೀವ್-ಕೀಸ್ ಎಂಬ ಆಯ್ಕೆಯಿಂದ ಆ ಕೀಲಿಗಳನ್ನು ತರಿಸಿಕೊಳ್ಳಬೇಕು. ಆಯ್ಕೆಯಲ್ಲಿ ರಿಸೀವ್ ಪದವನ್ನು ಆರ್, ಇ, ಸಿ, ವಿ ಎಂಬ ನಾಲ್ಕಕ್ಷರಕ್ಕೆ ಚಿಕ್ಕದು ಮಾಡಿ ಬರೆಯುವುದು. ಆಮೇಲೆ:

ಗಿಟ್ ವೆರಿಫೈ-ಟ್ಯಾಗ್ ವಿ29.0

"ಗುಡ್ ಸಿಗ್ನೇಚರ್" ಎಂದು ಬಂದರೆ ಸರಿ. ಅದರ ಕೆಳಗೆ ಈ ಕೀಲಿಯನ್ನು ನಂಬಿಕಸ್ಥರು ದೃಢಪಡಿಸಿಲ್ಲ ಎಂಬ ಎಚ್ಚರಿಕೆಯೂ ಬರುತ್ತದೆ. ಅದರ ಅರ್ಥ, ಈ ಕೀಲಿ ನಿಜಕ್ಕೂ ಅವರದ್ದೆಂದು ನೀವು ಇನ್ನೂ ಹೇಳಿಲ್ಲ ಎಂದಷ್ಟೇ. ಆದರೆ ಅಳಿಯ ಒಂದು ಒಳ್ಳೇ ಪ್ರಶ್ನೆ ಕೇಳಿದ: "ಕೀಲಿ ಪಟ್ಟಿಯೂ ಅದೇ ಕೋಡಿನೊಳಗೆ ಇದ್ರೆ, ಕಳ್ಳ ಎರಡನ್ನೂ ಬದಲಿಸಬಹುದಲ್ಲ?" ಬದಲಿಸಬಹುದು. ಅದಕ್ಕೇ ಗುರುತು ಸಂಖ್ಯೆಯನ್ನು ಇನ್ನೊಂದು ಕಡೆಯಿಂದ, ಬೇರೆ ಯಂತ್ರದಲ್ಲಿ, ಬೇರೆ ಇಂಟರ್ನೆಟ್ ಸಂಪರ್ಕದಲ್ಲಿ ನೋಡಿ ಹೋಲಿಸಬೇಕು. ನಾವು ನನ್ನ ಮೊಬೈಲಿನಲ್ಲಿ ನೋಡಿದೆವು. ನಲವತ್ತು ಅಕ್ಷರ, ಅವನು ಓದಿದ, ನಾನು ಕಣ್ಣಾಡಿಸಿದೆ.

ಅವಲಂಬಿತ ಲೈಬ್ರರಿಗಳು

ಬೂಸ್ಟ್, ಲಿಬ್‌ಇವೆಂಟ್, ಎಸ್‌ಕ್ಯುಲೈಟ್ ಇತ್ಯಾದಿಗಳನ್ನು ಡಿಪೆಂಡ್ಸ್ ಫೋಲ್ಡರು ತಾನೇ ತರಿಸಿ ಕಟ್ಟುತ್ತದೆ. ಪ್ರತಿಯೊಂದರ ಹ್ಯಾಶ್, ಅಂದರೆ ಕಡತದ ಬೆರಳಚ್ಚಿನಂಥ ಸಂಖ್ಯೆ, ಮೊದಲೇ ಬರೆದಿಟ್ಟಿರುವುದರಿಂದ ಇಳಿಸಿದ್ದು ಬೇರೆಯಾದರೆ ಅಲ್ಲೇ ನಿಲ್ಲುತ್ತದೆ. ಇಲ್ಲಿ ಹೋಸ್ಟ್ ಮತ್ತು ನೋ_ಕ್ಯೂಟಿ ದೊಡ್ಡಕ್ಷರ:

ಮೇಕ್ -ಸಿ ಡಿಪೆಂಡ್ಸ್ ಹೋಸ್ಟ್=ಎಕ್ಸ್86_64-ಡಬ್ಲ್ಯು64-ಮಿನ್‌ಜಿಡಬ್ಲ್ಯು32 ನೋ_ಕ್ಯೂಟಿ=1 -ಜೆ2

ಮೇಕ್ ನಂತರದ ಸಿ ಕೂಡ ದೊಡ್ಡದು, ಜೆ ಸಣ್ಣದು. ನೋ_ಕ್ಯೂಟಿ ಎಂದರೆ ಕಿಟಕಿ, ಬಟನ್ ಇರುವ ಮುಖಪುಟ ಬೇಡ ಎಂದು. ಮೊದಲ ಸಲ ಕಟ್ಟುವವರು ಆ ಮುಖಪುಟವನ್ನು ಬಿಡುವುದೇ ಒಳ್ಳೆಯದು. ಅದಕ್ಕೆ ಬೇಕಾಗುವ ಕ್ಯೂಟಿ ಎಂಬ ಲೈಬ್ರರಿ ಒಂದೇ ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನುತ್ತದೆ. ನಮಗೆ ಇಲ್ಲಿ ಇಪ್ಪತ್ತೈದು ನಿಮಿಷ ಹಿಡಿಯಿತು. ಅಷ್ಟರಲ್ಲಿ ಒಳಗಿನಿಂದ ಗೋಳಿಬಜೆ ಬಂತು.

ಈಗ ನಿಜವಾದ ಕಂಪೈಲ್

ಸಿಮೇಕ್ -ಬಿ ಬಿಲ್ಡ್ --ಟೂಲ್‌ಚೈನ್ ಡಿಪೆಂಡ್ಸ್/ಎಕ್ಸ್86_64-ಡಬ್ಲ್ಯು64-ಮಿನ್‌ಜಿಡಬ್ಲ್ಯು32/ಟೂಲ್‌ಚೈನ್.ಸಿಮೇಕ್
ಸಿಮೇಕ್ --ಬಿಲ್ಡ್ ಬಿಲ್ಡ್ -ಜೆ2

ಮೊದಲ ಸಾಲಿನ ಒಂಟಿ ಬಿ ಮಾತ್ರ ದೊಡ್ಡದು. ಆ ಸಾಲು ಓಡಿದ ಮೇಲೆ ಯಾವುದು ಆನ್, ಯಾವುದು ಆಫ್ ಎಂಬ ಪಟ್ಟಿ ಬರುತ್ತದೆ. ವಾಲೆಟ್ ಆನ್ ಇದೆಯೇ, ಕ್ರಾಸ್ ಕಂಪೈಲ್ ವಿಂಡೋಸಿಗೆ ಎಂದಿದೆಯೇ ನೋಡಿ. ವಿಂಡೋಸ್ ಎಂದಿಲ್ಲದಿದ್ದರೆ ಟೂಲ್‌ಚೈನ್ ಹಾದಿ ತಪ್ಪಿದೆ. ಬಿಲ್ಡ್ ಫೋಲ್ಡರನ್ನು ಪೂರ್ತಿ ಅಳಿಸಿ ಮತ್ತೆ ಮಾಡಿ. ಅರ್ಧ ತಪ್ಪಿದ್ದನ್ನು ಸರಿಮಾಡಲು ಹೋದರೆ ಹಳೆಯದನ್ನೇ ನೆನಪಿಟ್ಟುಕೊಂಡು ಸತಾಯಿಸುತ್ತದೆ.

ಜೆ ಪಕ್ಕದ ಅಂಕಿ ಒಟ್ಟಿಗೆ ಎಷ್ಟು ಕಡತ ಎಂಬುದು. ಯೂಟ್ಯೂಬಿನಲ್ಲಿ ಹದಿನಾರು ಹಾಕುವವರ ಯಂತ್ರ ಬೇರೆ, ನಿಮ್ಮದು ಬೇರೆ. ನನ್ನ ಲೆಕ್ಕ: ಲೀನಕ್ಸಿಗೆ ಕೊಟ್ಟ ಮೆಮೊರಿಯನ್ನು ಎರಡರಿಂದ ಭಾಗಿಸಿ ಬಂದಷ್ಟು. 5ಕ್ಕೆ 2.

ನಲವತ್ತು ಶೇಕಡಾ ಆಗುವಾಗ ಕರೆಂಟ್ ಹೋಯಿತು. ಅಳಿಯನ ಬ್ಯಾಟರಿ ಯಾವತ್ತೋ ಸತ್ತಿತ್ತು, ಪರದೆಯೂ ಆರಿತು. "ಹೋಯ್ತು ಮಾವ, ಎಲ್ಲ ಹೋಯ್ತು" ಎಂದು ಸೋಫಾದಲ್ಲಿ ಬಿದ್ದುಕೊಂಡ. ಏನೂ ಹೋಗಿರುವುದಿಲ್ಲ. ಮುಗಿದ ಕಡತಗಳು ಡಿಸ್ಕಿನಲ್ಲಿ ಇರುತ್ತವೆ. ಅದೇ ಆಜ್ಞೆ ಮತ್ತೆ ಕೊಟ್ಟರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಒಂದೇ ಅಪಾಯ, ಕರೆಂಟ್ ಹೋದ ಕ್ಷಣದಲ್ಲಿ ಬರೆಯುತ್ತಿದ್ದ ಕಡತ ಅರ್ಧವೇ ಉಳಿದಿರಬಹುದು. ಕೊನೆಗೆ ಜೋಡಿಸುವಾಗ "ಫೈಲ್ ಫಾರ್ಮ್ಯಾಟ್ ನಾಟ್ ರೆಕಗ್ನೈಸ್ಡ್" ಎಂದು ಒಂದು ಕಡತದ ಹೆಸರು ಹೇಳುತ್ತದೆ. ಆ ಒಂದನ್ನು ಅಳಿಸಿ ಮತ್ತೆ ಓಡಿಸಿ. ನಮಗೂ ಹಾಗೇ ಆಯಿತು, ಸರಿಹೋಯಿತು.

ಇನ್ನೊಂದು ಸಣ್ಣ ಕಾಟ. ಮುಚ್ಚಳ ಮುಚ್ಚಿ ಲ್ಯಾಪ್‌ಟಾಪ್ ನಿದ್ದೆಗೆ ಹೋದರೆ ಎದ್ದ ಮೇಲೆ ಲೀನಕ್ಸಿನ ಗಡಿಯಾರ ಹಿಂದೆ ಬಿದ್ದಿರಬಹುದು. "ಕ್ಲಾಕ್ ಸ್ಕ್ಯೂ" ಎಂಬ ದೂರು ಅದರದ್ದೇ. ಡಬ್ಲ್ಯುಎಸ್‌ಎಲ್ ಶಟ್‌ಡೌನ್ ಕೊಟ್ಟು ಮತ್ತೆ ತೆರೆದರೆ ಗಂಟೆ ಸರಿಯಾಗುತ್ತದೆ.

ಪರೀಕ್ಷೆ, ಸಾಗಣೆ

ಕಟ್ಟಿದ ಎಕ್ಸ್ಇಗಳು ಬಿಲ್ಡ್/ಬಿನ್ ಫೋಲ್ಡರಿನಲ್ಲಿವೆ. ಲೀನಕ್ಸ್ ಕಿಟಕಿಯಿಂದಲೇ ಪರೀಕ್ಷೆ ಓಡಿಸಬಹುದು:

./ಬಿಲ್ಡ್/ಬಿನ್/ಟೆಸ್ಟ್_ಬಿಟ್‌ಕಾಯಿನ್.ಎಕ್ಸ್ಇ

"ನೋ ಎರರ್ಸ್ ಡಿಟೆಕ್ಟೆಡ್" ಎಂದು ಬರಬೇಕು. ಇದನ್ನು ಬಿಟ್ಟು ಮುಂದೆ ಹೋಗುವವರು ಕಂಪೈಲ್ ಯಾಕೆ ಮಾಡಿದರೋ ಗೊತ್ತಿಲ್ಲ. ಆಮೇಲೆ ಸಿ ಡ್ರೈವಿಗೆ ಕಳಿಸಿ:

ಸಿಮೇಕ್ --ಇನ್‌ಸ್ಟಾಲ್ ಬಿಲ್ಡ್ --ಸ್ಟ್ರಿಪ್ --ಪ್ರಿಫಿಕ್ಸ್ /ಎಂಎನ್‌ಟಿ/ಸಿ/ಬಿಟ್‌ಕಾಯಿನ್

ಸ್ಟ್ರಿಪ್ ಹಾಕದಿದ್ದರೆ ಡಿಬಗ್ ಮಾಹಿತಿಯ ಸಮೇತ ಬೃಹತ್ ಕಡತಗಳು ಬರುತ್ತವೆ. ವಿಂಡೋಸಿನಲ್ಲಿ ಸ್ಮಾರ್ಟ್‌ಸ್ಕ್ರೀನ್ ಅಥವಾ ಡಿಫೆಂಡರ್ ಒಮ್ಮೆ ಗದರಿಸಬಹುದು, ನೀವು ಕಟ್ಟಿದ್ದಕ್ಕೆ ಪ್ರಕಾಶಕರ ಡಿಜಿಟಲ್ ಸಹಿ ಇಲ್ಲವಲ್ಲ. ಆ ಒಂದು ಫೋಲ್ಡರಿಗೆ ವಿನಾಯಿತಿ ಕೊಡಿ. ಆಂಟಿವೈರಸ್ಸನ್ನೇ ಆಫ್ ಮಾಡಿ ಎಂದು ಹೇಳುವವರ ಮಾತು ಕೇಳಬೇಡಿ.

ಸುಳ್ಳು ಜಾಲದಲ್ಲಿ ನಿಜವಾದ ಅಭ್ಯಾಸ

ನೇರವಾಗಿ ಓಡಿಸಿದರೆ ಅದು ಇಡೀ ಖಾತೆ ಇಳಿಸಲು ಶುರುಮಾಡುತ್ತದೆ, 600 ಜಿಬಿಗಿಂತ ಹೆಚ್ಚು. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕುಳಿತವರ ಕಥೆ ಅಲ್ಲಿಗೆ ಮುಗಿಯಿತು. -ಪ್ರೂನ್=550 ಎಂದು ಕೊಟ್ಟರೆ ಹಳೆಯ ಬ್ಲಾಕುಗಳನ್ನು ಅಳಿಸುತ್ತಾ ಡಿಸ್ಕ್ ಉಳಿಸುತ್ತದೆ, ಡೌನ್‌ಲೋಡ್ ಮಾತ್ರ ಅಷ್ಟೂ ಆಗಲೇಬೇಕು. ಅದಕ್ಕೆ ಮೊದಲು ರೆಗ್‌ಟೆಸ್ಟ್, ಅಂದರೆ ನಿಮ್ಮ ಯಂತ್ರದೊಳಗೆ ಮಾತ್ರ ಇರುವ ಆಟದ ಜಾಲ. ಸಿ ಡ್ರೈವಿನ ಬಿಟ್‌ಕಾಯಿನ್\ಬಿನ್ ಫೋಲ್ಡರಿನಲ್ಲಿ ಎರಡು ಕಮಾಂಡ್ ಕಿಟಕಿ ತೆರೆಯಿರಿ. ಒಂದರಲ್ಲಿ:

ಬಿಟ್‌ಕಾಯಿನ್‌ಡಿ -ರೆಗ್‌ಟೆಸ್ಟ್

ಇನ್ನೊಂದರಲ್ಲಿ ಒಂದಾದ ಮೇಲೊಂದು:

ಬಿಟ್‌ಕಾಯಿನ್-ಸಿಎಲ್‌ಐ -ರೆಗ್‌ಟೆಸ್ಟ್ ಕ್ರಿಯೇಟ್‌ವಾಲೆಟ್ ಅಭ್ಯಾಸ
ಬಿಟ್‌ಕಾಯಿನ್-ಸಿಎಲ್‌ಐ -ರೆಗ್‌ಟೆಸ್ಟ್ -ಜನರೇಟ್ 101
ಬಿಟ್‌ಕಾಯಿನ್-ಸಿಎಲ್‌ಐ -ರೆಗ್‌ಟೆಸ್ಟ್ ಗೆಟ್‌ಬ್ಯಾಲೆನ್ಸ್

101 ಎಂಬ ಅಂಕಿ ಸುಮ್ಮನೆ ಅಲ್ಲ. ಹೊಸದಾಗಿ ಹುಟ್ಟಿದ ನಾಣ್ಯವನ್ನು ಅದರ ಮೇಲೆ ಇನ್ನೂ ನೂರು ಬ್ಲಾಕ್ ಕೂರುವವರೆಗೆ ಖರ್ಚು ಮಾಡಲು ನಿಯಮ ಬಿಡುವುದಿಲ್ಲ. ನೂರೊಂದು ಕಟ್ಟಿದಾಗ ಮೊದಲನೆಯದು ಮಾತ್ರ ಹಣ್ಣಾಗುತ್ತದೆ. ಪರದೆಯಲ್ಲಿ 50.00000000 ಮೂಡಿತು.

"ಐವತ್ತು ಬಿಟ್‌ಕಾಯಿನ್! ರೂಪಾಯಿಯಲ್ಲಿ ಎಷ್ಟಾಗ್ತದೆ ಮಾವ?"

"ಸೊನ್ನೆ. ನಿನ್ನ ಲ್ಯಾಪ್‌ಟಾಪಿನ ಆಚೆ ಅದಕ್ಕೆ ಬೆಲೆಯೇ ಇಲ್ಲ. ನಿಜವಾದದ್ದಾದರೆ ಮಾರಿದ ಲಾಭಕ್ಕೆ 2022ರ ಏಪ್ರಿಲಿನಿಂದ ಶೇಕಡಾ 30 ತೆರಿಗೆ ಉಂಟು, ಅದೇ ವರ್ಷದ ಜುಲೈಯಿಂದ ವರ್ಗಾವಣೆಗೆ ಶೇಕಡಾ 1 ಟಿಡಿಎಸ್. ನಿನ್ನದಕ್ಕೆ ಯಾವ ಇಲಾಖೆಯೂ ಬರುವುದಿಲ್ಲ, ಆರಾಮ ಇರು."

ಇಲ್ಲಿಂದ ಕಳಿಸಿ ನೋಡುವಾಗ "ಫೀ ಎಸ್ಟಿಮೇಶನ್ ಫೇಲ್ಡ್" ಎಂದು ಬರುತ್ತದೆ, ಗಾಬರಿ ಬೇಡ. ಆಟದ ಜಾಲದಲ್ಲಿ ಶುಲ್ಕ ಅಂದಾಜಿಸಲು ಬೇರೆ ವ್ಯವಹಾರಗಳೇ ಇಲ್ಲ. ಬಿಟ್‌ಕಾಯಿನ್‌ಡಿ ಶುರುಮಾಡುವಾಗ -ಫಾಲ್‌ಬ್ಯಾಕ್‌ಫೀ=0.0002 ಸೇರಿಸಿದರೆ ಸಾಕು. ಮುಗಿದ ಮೇಲೆ ಸಿಎಲ್‌ಐ ಮೂಲಕ ಸ್ಟಾಪ್ ಕೊಟ್ಟೇ ನಿಲ್ಲಿಸಿ, ಕಿಟಕಿಯ ಇಂಟು ಗುರುತು ಒತ್ತಬೇಡಿ.

ಬೇರೆ ನಾಣ್ಯಗಳು

2011ರ ಲೈಟ್‌ಕಾಯಿನ್, 2013ರ ಡೋಜ್‌ಕಾಯಿನ್ ಇದೇ ಕೋಡಿನಿಂದ ಕವಲೊಡೆದವು. ಲೀನಕ್ಸ್, ಡಿಪೆಂಡ್ಸ್, ಆಮೇಲೆ ಕಂಪೈಲ್ ಎಂಬ ಕ್ರಮ ಅಲ್ಲಿಯೂ ನಡೆಯುತ್ತದೆ. ಆದರೆ ಡೋಜ್‌ಕಾಯಿನ್ 1.14 ಬಿಟ್‌ಕಾಯಿನ್‌ನ ಹಳೇ 0.14ರ ಮೇಲೆ ನಿಂತಿದೆ, ಅಲ್ಲಿ ಆಟೋಟೂಲ್ಸ್ ಕಾಲವೇ. ಇಂಥ ಹಳೇ ಕೋಡನ್ನು ಜಿಸಿಸಿ 13ಕ್ಕೆ ಕೊಟ್ಟಾಗ "ಯುಇಂಟ್32_ಟಿ ಗೊತ್ತಿಲ್ಲ" ಎಂಬ ದೂರು ಬರುವುದುಂಟು. ಆ ಕಡತದ ತಲೆಯಲ್ಲಿ ಸಿಎಸ್‌ಟಿಡಿಇಂಟ್ ಹೆಡರನ್ನು ಇನ್‌ಕ್ಲೂಡ್ ಮಾಡಿದರೆ ಹೆಚ್ಚಿನಂಶ ಸರಿಹೋಗುತ್ತದೆ, ಇಲ್ಲವೇ ಹಳೆಯ ಉಬುಂಟು ಹಾಕಿ. ಮೊನೆರೊ ಬೇರೆಯೇ ಕುಲ, ಅದು ವಿಂಡೋಸಿನಲ್ಲಿ ಎಂಸಿಸ್2 ಕೇಳುತ್ತದೆ.

ಹೋಗುವ ಮೊದಲು ಅಳಿಯ 22.04ನ್ನು ತೆಗೆಯಬೇಕೋ ಎಂದು ಕೇಳಿದ. ಇರಲಿ, ಡೋಜ್‌ಕಾಯಿನ್ನಿಗೆ ಬೇಕಾದೀತು ಎಂದೆ. ಮಳೆ ಸ್ವಲ್ಪ ಬಿಟ್ಟಿತ್ತು. ತೊಟ್ಟೆ ಮತ್ತೆ ಸುತ್ತಿಕೊಂಡು ಏಳು ಗಂಟೆಯ ಸುರತ್ಕಲ್ ಬಸ್ಸಿಗೆ ಓಡಿದ. ರಾತ್ರಿ ಮೆಸೇಜ್: "ಮಾವ, ಕಾನ್ಫಿಗರ್ ಎಲ್ಲಿಂಟು?"